ಮೋಯಾರು ಕಂದರ: ನೋಡುವ ಬಗೆ, ಚಿತ್ರ ತೆಗೆಯುವ ಬಗೆ

‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬ ಗಾದೆ ಎಲ್ಲರಿಗೂ ಗೊತ್ತು. ಬೆಟ್ಟದ ಮೇಲೆಯೇ ಬಾಳುವ ನಮಗಾದರೋ ಹತ್ತಿರದ ಬೆಟ್ಟ ಕಣ್ಣಿಗೇ ಬೀಳುವುದಿಲ್ಲ. ಅಮೆರಿಕದ ಮರುಭೂಮಿಯಲ್ಲಿರುವ ಗ್ರ್ಯಾಂಡ್ ಕ್ಯಾನಿಯನ್ ಎಂಬ ಮಹಾಕಂದರದ ಚಿತ್ರವನ್ನು ಪುಸ್ತಕದಲ್ಲಿ ಕಂಡು ಬೆರಗಾಗುತ್ತೇವೆ. ಆದರೆ ತಿಗನಾರೆಯ ದಕ್ಷಿಣಕ್ಕೆ, ತಲಮಲೆ ಕಾಡಿನ ಆಚೆಗೆ, ನಮ್ಮದೇ ಒಂದು ಕಂದರವಿದೆ ಎಂಬುದನ್ನು ಮರೆತಿದ್ದೇವೆ. ಅದೇ ಮೋಯಾರು ಕಂದರ. ಬ್ರಿಟಿಷರು ಇದನ್ನು ‘ಮೈಸೂರು ಡಿಚ್’, ಎಂದರೆ ಮೈಸೂರಿನ ಕಂದಕ, ಎಂದು ಕರೆದರು.

ಕಂದರವೆಂದರೇನು? ನೀರು ಬಂಡೆಯನ್ನು ಕೊರೆದು ಮಾಡಿದ ಆಳವಾದ, ಕಡಿದಾದ ದಾರಿ. ಗ್ರ್ಯಾಂಡ್ ಕ್ಯಾನಿಯನ್ 446 ಕಿಲೋಮೀಟರ್ ಉದ್ದವಾಗಿದ್ದು, ಒಂದೂವರೆ ಕಿಲೋಮೀಟರಿಗೂ ಹೆಚ್ಚು ಆಳವಿದೆ. ಅಲ್ಲಿ ಕೊಲರಾಡೊ ನದಿ ಪದರ ಪದರವಾಗಿ ಕೂಡಿದ ಕಲ್ಲನ್ನು ಲಕ್ಷಾಂತರ ವರ್ಷಗಳ ಕಾಲ ಕೊರೆಯಿತು. ಆಂಧ್ರದ ಕಡಪ ಜಿಲ್ಲೆಯ ಗಂಡಿಕೋಟೆಯಲ್ಲಿಯೂ ಇಂಥದೇ ಪದರಗಲ್ಲಿನ ಕಂದರವಿದೆ. ಅದನ್ನು ಕೊರೆದ ಪೆನ್ನಾರ್ ನದಿ ಹುಟ್ಟುವುದು ನಮ್ಮ ಕನ್ನಡನಾಡಿನ ನಂದಿಬೆಟ್ಟದ ಸೀಮೆಯಲ್ಲಿ.

ಮೋಯಾರಿನ ಕಥೆ ಸ್ವಲ್ಪ ಬೇರೆ. ನೀಲಗಿರಿಗೂ ಮೈಸೂರು ಪ್ರಸ್ಥಭೂಮಿಗೂ ನಡುವೆ, ಬಹು ಪುರಾತನ ಕಾಲದಲ್ಲಿ ಬಂಡೆಗಳು ಒಂದರ ಪಕ್ಕ ಒಂದು ಸರಿದು ನಲುಗಿಹೋದ ಪಟ್ಟಿಯೊಂದಿದೆ. ಗಟ್ಟಿ ನೆಲಕ್ಕಿಂತ ನಲುಗಿದ ನೆಲ ನೀರಿಗೆ ಬೇಗ ಸೋಲುತ್ತದೆಯಲ್ಲವೆ? ಪೈಕಾರ ನದಿ ನೀಲಗಿರಿಯಿಂದ ಇಳಿದು, ಮೋಯಾರು ಎಂಬ ಹೆಸರು ಪಡೆದು, ತೆಪ್ಪಕಾಡಿನ ಕೆಳಗೆ ಜಲಪಾತವಾಗಿ ಬಿದ್ದು ಈ ಪಟ್ಟಿಯನ್ನೇ ಹಿಡಿದು ಹರಿಯುತ್ತದೆ. ಸುಮಾರು 20 ಕಿಲೋಮೀಟರ್ ಕಂದರದಲ್ಲಿ ಸಾಗಿದ ಮೇಲೆ ಕಣಿವೆ ಅಗಲವಾಗುತ್ತದೆ. ಕೊನೆಗೆ ಭವಾನಿಸಾಗರದಲ್ಲಿ ನದಿಯು ಭವಾನಿಯನ್ನು ಕೂಡುತ್ತದೆ.

ಇದು ಮರುಭೂಮಿಯಲ್ಲ. ಆದರೂ ನೀಲಗಿರಿಯ ಎತ್ತರದ ಗೋಡೆ ನೈಋತ್ಯ ಮಾರುತದ ಮೋಡಗಳನ್ನು ತಡೆಯುವುದರಿಂದ ಕಣಿವೆಗೆ ಮಳೆ ಕಡಿಮೆ. ಕೆಳಗೆ ಮುಳ್ಳುಗಿಡಗಳ ಕುರುಚಲು ಕಾಡು, ನದಿಯ ದಂಡೆಯಲ್ಲಿ ಮಾತ್ರ ಹಸಿರು ಮರಗಳ ಸಾಲು. ಕೃಷ್ಣಮೃಗ, ಆನೆ, ಹುಲಿಗಳ ಜೊತೆಗೆ, ಭಾರತದಲ್ಲಿ ಅಳಿವಿನ ಅಂಚಿಗೆ ಬಂದಿರುವ ರಣಹದ್ದುಗಳೂ ಇಲ್ಲಿ ಗೂಡು ಕಟ್ಟುತ್ತವೆ. ದನಕರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ, ಸತ್ತ ದನದ ಮಾಂಸದ ಮೂಲಕ ಅವುಗಳಿಗೆ ವಿಷವಾಯಿತು. 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ಸರ್ಕಾರ ನಿಷೇಧಿಸಿತು.

ಇಂಥ ಕಡೆಗೆ ಚಿತ್ರ ತೆಗೆಯಲು ಹೋಗುವುದು ಹೇಗೆ? ಮೊದಲನೆಯದು ಅನುಮತಿ. ಸತ್ಯಮಂಗಲದ ಕಾಡು 2013ರಿಂದ ಹುಲಿ ಸಂರಕ್ಷಿತ ಪ್ರದೇಶವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಅಭಯಾರಣ್ಯ ಪ್ರವೇಶಕ್ಕೆ ಅನುಮತಿ ಕೊಡಬಹುದಾದ ಕಾರಣಗಳಲ್ಲಿ ಛಾಯಾಗ್ರಹಣವೂ ಒಂದು. ಆದ್ದರಿಂದ ಅರಣ್ಯ ಇಲಾಖೆಯನ್ನು ಕೇಳಿಕೊಂಡೇ ಹೋಗಬೇಕು. ದಿಂಬಂ ಘಟ್ಟದ 27 ತಿರುವುಗಳಲ್ಲಿ ಕಂಡಕಂಡಲ್ಲಿ ಗಾಡಿ ನಿಲ್ಲಿಸಿ ಇಳಿಯಬಾರದು. ಆ ದಾರಿಯಲ್ಲಿ 2022ರ ಫೆಬ್ರವರಿಯಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿದೆ. ಹಗಲಿನಲ್ಲೇ ಹೋಗಿ, ಹಗಲಿನಲ್ಲೇ ಮನೆ ಸೇರುವಂತೆ ಹೊತ್ತನ್ನು ಲೆಕ್ಕ ಹಾಕಬೇಕು.

ಎರಡನೆಯದು ಮಾರ್ಗದರ್ಶಿ. ಕಾಡು ಬಲ್ಲವರು ಬೇಕು. ನಮ್ಮ ಬೆಟ್ಟಗಳ ಸೋಲಿಗರಿಗೂ ಕಣಿವೆಯ ಇರುಳರಿಗೂ ಲದ್ದಿಯನ್ನು ನೋಡಿ ಆನೆ ಎಷ್ಟು ಹೊತ್ತಿಗೆ ಹೋಯಿತೆಂದು ಹೇಳುವ ವಿದ್ಯೆ ತಲೆಮಾರುಗಳಿಂದ ಬಂದಿದೆ. ಅವರು ‘ನಿಲ್ಲಿ’ ಎಂದರೆ ನಿಲ್ಲಬೇಕು. ‘ಹಿಂದಿರುಗಿ’ ಎಂದರೆ ಮರುಮಾತಿಲ್ಲದೆ ಹಿಂದಿರುಗಬೇಕು. ಅಮೆರಿಕದ ಅರಿಜೋನಾದಲ್ಲಿ ಆಂಟಿಲೋಪ್ ಎಂಬ ಕಿರುಕಂದರವಿದೆ. 1997ರ ಆಗಸ್ಟ್ 12ರಂದು ಮಳೆ ಬಿದ್ದದ್ದು ಮೈಲಿಗಳಾಚೆ. ಆದರೂ ನೀರು ಒಮ್ಮೆಲೇ ನುಗ್ಗಿ 11 ಮಂದಿ ಪ್ರವಾಸಿಗರು ಪ್ರಾಣ ಕಳೆದುಕೊಂಡರು. ಈಗ ಅಲ್ಲಿ ನವಾಹೊ ಜನಾಂಗದ ಮಾರ್ಗದರ್ಶಿಗಳಿಲ್ಲದೆ ಯಾರೂ ಇಳಿಯುವಂತಿಲ್ಲ. ನಮಗೂ ಇದು ಪಾಠ. ನಮ್ಮ ತಲೆಯ ಮೇಲೆ ಬಿಸಿಲಿದ್ದರೂ ನೀಲಗಿರಿಯಲ್ಲಿ ಮಳೆಯಾದರೆ ಮೋಯಾರು ಉಕ್ಕುತ್ತದೆ.

ಮೂರನೆಯದು ಬೆಳಕು. ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿದ್ದಾಗ ಕಂದರ ಚಪ್ಪಟೆಯಾಗಿ ಕಾಣುತ್ತದೆ, ದೂರದ ಬೆಟ್ಟ ಮಬ್ಬಾಗುತ್ತದೆ. ಬೆಳಿಗ್ಗೆ ಹಾಗೂ ಸಂಜೆ ಓರೆಯಾಗಿ ಬೀಳುವ ಬಿಸಿಲು ಪ್ರತಿಯೊಂದು ಏಣಿಗೂ ನೆರಳು ಕೊಡುತ್ತದೆ. ಆ ನೆರಳೇ ಚಿತ್ರದಲ್ಲಿ ಆಳವಾಗುತ್ತದೆ. ಸಂಜೆಗೆ ಹಿಂದಿರುಗಬೇಕಾದ್ದರಿಂದ ನಮಗೆ ಬೆಳಗೇ ಲೇಸು. ಬರಿಯ ಕಣಿವೆಯನ್ನು ತೆಗೆದರೆ ಅದರ ಗಾತ್ರ ತಿಳಿಯದು. ಹತ್ತಿರದ ಒಂದು ಮರವನ್ನೋ ಬಂಡೆಯನ್ನೋ ಚೌಕಟ್ಟಿನ ಮೂಲೆಯಲ್ಲಿ ಸೇರಿಸಬೇಕು. ಮೊಬೈಲಿನಲ್ಲಿ ಆಕಾಶ ಬೆಳ್ಳಗಾಗಿ ಹೋಗುವುದುಂಟು. ಪರದೆಯ ಮೇಲೆ ಆಕಾಶದ ಭಾಗವನ್ನು ಬೆರಳಿನಿಂದ ಮುಟ್ಟಿದರೆ ಬೆಳಕು ಹದಕ್ಕೆ ಬರುತ್ತದೆ. ಅಂಚಿನಲ್ಲಿ ನಿಂತು, ಕಣಿವೆಗೆ ಬೆನ್ನು ಮಾಡಿ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವ ಹುಚ್ಚು ಮಾತ್ರ ಬೇಡ. ಆನೆಯ ಚಿತ್ರಕ್ಕಾಗಿ ಅದರ ಹತ್ತಿರ ಹೋಗುವುದೂ ಅದೇ ಬಗೆಯ ಹುಚ್ಚು. ಕೆರಳಿದ ಆನೆ ಚಿತ್ರ ತೆಗೆದವರನ್ನು ಹುಡುಕಿಕೊಂಡು ಹೋಗುವುದಿಲ್ಲ. ಸಂಜೆ ಹೊಲಕ್ಕೆ ಕಾವಲು ಹೋಗುವ ನಮ್ಮ ತಂದೆ, ಅಣ್ಣಂದಿರ ಎದುರಿಗೆ ಬರುತ್ತದೆ. ಇದನ್ನು ನಾವು ಬೆಟ್ಟದವರೇ ಬಂದವರಿಗೆ ಹೇಳಿಕೊಡಬೇಕು.

ಪೋಷಕರಲ್ಲಿ ನಮ್ಮದೊಂದು ಬಿನ್ನಹ. ಮಕ್ಕಳನ್ನು ದೂರದ ಊರುಗಳಿಗೆ ಪ್ರವಾಸ ಕಳುಹಿಸುವಂತೆಯೇ, ತಿಳಿದವರ ಜೊತೆಯಲ್ಲಿ, ಅನುಮತಿ ಪಡೆದು, ಒಂದು ದಿನ ಈ ಕಣಿವೆಯನ್ನು ನೋಡಲು ಕಳುಹಿಸಿರಿ. ಭೂಗೋಳದ ಪಾಠ ಇಲ್ಲಿ ಕಲ್ಲಿನಲ್ಲಿಯೇ ಬರೆದಿದೆ. ತನ್ನ ನೆಲವನ್ನು ಕಣ್ಣಾರೆ ಕಂಡ ಮಗು ಅದನ್ನು ಉಳಿಸಿಕೊಳ್ಳಲೂ ಕಲಿಯುತ್ತದೆ.