‘ಗೆಟ್’ ಎಂಬ ಚಿಲ್ಲರೆ ಕಾಸು

2023ರ ಸೆಪ್ಟೆಂಬರ್‌ನಿಂದ ಸುಮಾರು ಮೂರು ತಿಂಗಳ ಕಾಲ ನಾನು ಇಟಲಿಯ ಟ್ಯೂರಿನ್ ನಗರದಲ್ಲಿದ್ದೆ. ಮಗಳಿಗೆ ಅಲ್ಲಿ ಉದ್ಯೋಗ. ನಿವೃತ್ತ ಅಧಿಕಾರಿಗೆ ವಿದೇಶದಲ್ಲಿರುವ ಮಗಳ ಮನೆಯೆಂದರೆ ಒಂದು ಬಗೆಯ ಗೌರವಾನ್ವಿತ ಸೆರೆವಾಸ. ಬೆಳಿಗ್ಗೆ ಪೋ ನದಿಯ ದಂಡೆಯ ಮೇಲೆ ನಡಿಗೆ, ಮಳೆ ಬಂದರೆ ನಗರದ ಕಮಾನುಸಾಲುಗಳ ಕೆಳಗೆ ಅದೇ ನಡಿಗೆ, ಮೋಡ ಸರಿದ ದಿನ ಆಲ್ಪ್ಸ್ ಪರ್ವತದ ದರ್ಶನ. ಅಲ್ಲಿಗೆ ದಿನಚರಿ ಮುಗಿಯಿತು. ಹೀಗಿರುವಾಗ ಎದುರು ಮನೆಯ ಯುವತಿಗೆ ಇಂಗ್ಲಿಷ್ ಹೇಳಿಕೊಡುವ ಕೆಲಸ ಒದಗಿ ಬಂದದ್ದನ್ನು ನಾನು ದೈವಕೃಪೆಯೆಂದೇ ಭಾವಿಸಿದೆ.

ಆಕೆ ವೃತ್ತಿಯಿಂದ ದಾದಿ. ಇಂಗ್ಲೆಂಡಿನ ಆಸ್ಪತ್ರೆಯೊಂದಕ್ಕೆ ಹೋಗಬೇಕೆಂಬ ಆಸೆ. ಬ್ರಿಟನ್ 2016ರಿಂದ ಯೂರೋಪ್ ಒಕ್ಕೂಟದ ದಾದಿಯರಿಗೂ ಇಂಗ್ಲಿಷ್ ಜ್ಞಾನದ ಪುರಾವೆಯನ್ನು ಕಡ್ಡಾಯಗೊಳಿಸಿದೆ. ಆಕೆ ಬರೆಯುವ, ಓದುವ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ ಮಾತಿನ ಪರೀಕ್ಷೆಯಲ್ಲಿ ಎಡವಿದ್ದಳು. ಅಲ್ಲಿ ಪರೀಕ್ಷಕರು ರೋಗಿಯ ಪಾತ್ರ ವಹಿಸುತ್ತಾರೆ. ಅಭ್ಯರ್ಥಿ ದಾದಿಯಾಗಿ ಅವರೊಡನೆ ಮಾತನಾಡಬೇಕು. ‘ಐ ಕಾಂಟ್ ಗೆಟ್ ಕಂಫರ್ಟಬಲ್ ಅಟ್ ನೈಟ್’ ಎಂದು ‘ರೋಗಿ’ ನುಡಿದಾಗ ಈಕೆಗೆ ತೋಚಿದ್ದು, ಆತನಿಗೆ ಏನೋ ಒಂದು ವಸ್ತು ದೊರೆಯುತ್ತಿಲ್ಲ ಎಂದು. ಉಗ್ರಾಣದಿಂದ ತರಿಸಿಕೊಡುತ್ತೇನೆ ಎಂದು ಭರವಸೆ ನೀಡಿದಳಂತೆ! ‘ಹೌ ಆರ್ ಯು ಗೆಟ್ಟಿಂಗ್ ಆನ್?’ ಎಂದು ಯಾರೋ ಕುಶಲ ಕೇಳಿದರೆ ‘ಬಸ್ಸಿನಲ್ಲಿ’ ಎಂದು ಉತ್ತರಿಸಿದ ಕಥೆಯನ್ನೂ ಆಕೆಯೇ ನಗುತ್ತ ಹೇಳಿದಳು. ನಗುವಿನ ಹಿಂದೆ ಪರೀಕ್ಷಾ ಶುಲ್ಕದ, ಮುಂದಕ್ಕೆ ಹೋದ ಮದುವೆಯ ಚಿಂತೆ ಇತ್ತು.

‘ಗೆಟ್’ ಎಂಬ ಮೂರಕ್ಷರದ ಪದ ಅವಳ ಶತ್ರು. ಇಟಲಿಯ ವರ್ಣವ್ಯವಸ್ಥೆಯ ಪ್ರಕಾರ ‘ಗೆ’ ಎಂಬ ಧ್ವನಿ ಬೇಕಾದರೆ ಮಧ್ಯೆ ಒಂದು ‘ಎಚ್’ ಇರಬೇಕು. ಇಲ್ಲದಿದ್ದರೆ ಅದು ‘ಜೆ’. ಆದ್ದರಿಂದ ಶಾಲೆಯಲ್ಲಿ ಮೊದಲ ಬಾರಿ ಇದನ್ನು ‘ಜೆಟ್’ ಎಂದು ಓದಿ ಬೈಸಿಕೊಂಡಿದ್ದಳು. ಉಚ್ಚಾರ ಸರಿಹೋದ ಮೇಲೂ ಪದದ ಕೊನೆಗೊಂದು ಸ್ವರ ಅಂಟಿಕೊಂಡೇ ಬರುತ್ತಿತ್ತು. ಇಟಾಲಿಯನ್ ಪದಗಳು ಬಹುಮಟ್ಟಿಗೆ ಸ್ವರಾಂತ. ಬಸ್ಸು, ಕಾರು, ಪೆನ್ನು ಎನ್ನುವ ಕನ್ನಡಿಗನಿಗೆ ಇದರಲ್ಲಿ ಆಕ್ಷೇಪಿಸಲು ಏನೂ ಇರಲಿಲ್ಲ.

ನಿಜವಾದ ತೊಡಕು ಬೇರೆಯೇ. ಇಟಾಲಿಯನ್ ಲ್ಯಾಟಿನ್ನಿನ ಮಗಳು. 1066ರ ನಂತರ ನಾರ್ಮನ್ನರ ಫ್ರೆಂಚ್ ಮೂಲಕ ಲ್ಯಾಟಿನ್ ಮೂಲದ ಸಾವಿರಾರು ಪದಗಳು ಇಂಗ್ಲಿಷಿಗೂ ಬಂದವು. ಹಾಗಾಗಿ ಇಂಗ್ಲಿಷಿನ ಗಂಭೀರ ಪದಗಳೆಲ್ಲ ಇಟಲಿಯವರಿಗೆ ಬಂಧುಗಳೇ. ‘ಅಬ್ಟೇನ್’ ಅವರಿಗೆ ‘ಒತ್ತೆನೇರೆ’, ‘ರಿಸೀವ್’ ಎಂದರೆ ‘ರಿಚೇವೆರೆ’, ‘ಅರೈವ್’ ಎಂದರೆ ‘ಅರ್ರಿವಾರೆ’. ನಮಗೆ ಕಷ್ಟವಾದ ಇಂಗ್ಲಿಷ್ ಅವರಿಗೆ ಸುಲಭ. ಇಂಗ್ಲೆಂಡಿನ ಅಡುಗೆಮನೆಯ ಇಂಗ್ಲಿಷ್ ಮಾತ್ರ ಅಪರಿಚಿತ. ‘ಗೆಟ್’ ಅಂಥ ಅಡುಗೆಮನೆಯ ಪದ. ಇದು ಲ್ಯಾಟಿನ್ನಿನದಲ್ಲ, ಒಂಬತ್ತನೆಯ ಶತಮಾನದಿಂದ ಇಂಗ್ಲೆಂಡಿನ ಉತ್ತರ, ಪೂರ್ವ ಭಾಗಗಳಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯದ ಜನರು ಬಿಟ್ಟುಹೋದ ‘ಗೆತ’ ಎಂಬ ಕ್ರಿಯಾಪದದಿಂದ ಬಂದದ್ದು. ‘ಫರ್ಗೆಟ್’ ಎಂಬಲ್ಲಿ ಅಡಗಿರುವುದು ಅದರ ಹಳೆಯ ಇಂಗ್ಲಿಷ್ ದಾಯಾದಿ.

ಈಕೆಯ ಇಂಗ್ಲಿಷ್ ಕೇಳಿದಾಗ ನನಗೆ ನನ್ನದೇ ಕಡತಗಳ ನೆನಪಾಯಿತು. ‘ಐ ಅಬ್ಟೇನ್ಡ್ ಎ ಕೋಲ್ಡ್’ ಎನ್ನುತ್ತಿದ್ದಳು. ನೆಗಡಿಯನ್ನು ಟೆಂಡರ್ ಕರೆದು ಪಡೆದಂತೆ! ಆದರೆ ನಕ್ಕುಬಿಡುವ ಅಧಿಕಾರ ನನಗೆಲ್ಲಿದೆ? ಮೂವತ್ತೈದು ವರ್ಷ ‘ಆದೇಶಗಳನ್ನು ಪಡೆಯಬಹುದು’ ಎಂದು ಎರಡು ಭಾಷೆಗಳಲ್ಲಿ ಟಿಪ್ಪಣಿ ಬರೆದವನು ನಾನು. ನಮ್ಮ ಪ್ರೌಢಶಾಲೆಯ ಇಂಗ್ಲಿಷ್ ಮೇಷ್ಟರು ಪ್ರಬಂಧದಲ್ಲಿ ‘ಗೆಟ್’ ಕಂಡರೆ ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಿದ್ದರು. ಅದು ಬೀದಿಯ ಪದವೆಂಬುದು ಅವರ ತೀರ್ಮಾನ. ಹೀಗೆ ನೂರರ ನೋಟುಗಳನ್ನಷ್ಟೇ ಜೇಬಿನಲ್ಲಿಟ್ಟುಕೊಂಡು ಸಂತೆಗೆ ಹೋಗುವ ವಿದ್ಯೆಯನ್ನು ನಾವೂ ಕಲಿತೆವು, ಅವರೂ ಕಲಿತರು. ಸಂತೆಯಲ್ಲಿ ಬೇಕಾಗುವುದು ಚಿಲ್ಲರೆ. ಕೇಂಬ್ರಿಜ್‌ನ ಸಿ.ಕೆ. ಆಗ್ಡನ್ 1930ರಲ್ಲಿ 850 ಪದಗಳ ‘ಬೇಸಿಕ್ ಇಂಗ್ಲಿಷ್’ ರೂಪಿಸಿದಾಗ ಅದರಲ್ಲಿ ಉಳಿಸಿಕೊಂಡ ಕ್ರಿಯಾಪದಗಳು ಕೇವಲ ಹದಿನೆಂಟು. ‘ಅಬ್ಟೇನ್’ ಅದರಲ್ಲಿಲ್ಲ, ‘ಗೆಟ್’ ಇದೆ.

ಆಕೆಯ ಪಠ್ಯಪುಸ್ತಕದಲ್ಲಿ ‘ಗೆಟ್’ ಪದಕ್ಕೆ ಎರಡು ಪುಟದ ಕೋಷ್ಟಕವಿತ್ತು. ಒಂದೊಂದು ಬಳಕೆಗೂ ಒಂದೊಂದು ಇಟಾಲಿಯನ್ ಸಮಾನಪದ. ಕಂಠಪಾಠ ಮಾಡಿದ್ದಳು, ಮಾತನಾಡುವಾಗ ಒಂದೂ ಬಾಯಿಗೆ ಬರುತ್ತಿರಲಿಲ್ಲ. ನಾನು ಕೋಷ್ಟಕವನ್ನು ಮುಚ್ಚಿಸಿದೆ. ‘ಗೆಟ್’ ಅನ್ನು ನೋಡಬೇಡ, ಅದರ ಮುಂದೆ ಏನಿದೆ ನೋಡು ಎಂದೆ. ಮುಂದೆ ವಸ್ತುವಿದ್ದರೆ ಅದು ನಮ್ಮ ‘ಸಿಗು’: ಪತ್ರ, ಕೆಲಸ, ನೆಗಡಿ. ಮುಂದೆ ಗುಣವೋ ಸ್ಥಿತಿಯೋ ಇದ್ದರೆ ನಮ್ಮ ‘ಆಗು’: ಕೋಪ, ದಣಿವು, ತಡ. ಮುಂದೆ ಸ್ಥಳವೋ ದಿಕ್ಕೋ ಇದ್ದರೆ ‘ಸೇರು’: ಮನೆ, ನಿಲ್ದಾಣ, ಒಳಗೆ, ಹೊರಗೆ. ಮೂರು ಪೆಟ್ಟಿಗೆಗಳು. ಎಲ್ಲವೂ ಇದರಲ್ಲಿ ಹಿಡಿಸುವುದಿಲ್ಲ ನಿಜ. ಆದರೆ ಹಸಿದವನಿಗೆ ಮೊದಲು ಅನ್ನ, ಆಮೇಲೆ ಪಾಯಸ.

ಎರಡನೆಯ ಪೆಟ್ಟಿಗೆಯನ್ನು ತುಂಬಿಸುವಾಗ ಒಂದು ಅಚ್ಚರಿ ಎದುರಾಯಿತು. ಇಟಾಲಿಯನ್‌ನಲ್ಲಿ ‘ಸಿ’ ಎಂಬ ಬಾಲವುಳ್ಳ ಕ್ರಿಯಾಪದಗಳಿವೆ. ‘ವೆಸ್ತಿರ್ಸಿ’ ಎಂದರೆ ಉಡುಪು ಹಾಕಿಕೊಳ್ಳು, ‘ಸ್ಪೊಸಾರ್ಸಿ’ ಎಂದರೆ ಮದುವೆ ಮಾಡಿಕೊಳ್ಳು, ‘ಅರ್ರಬ್ಬಿಯಾರ್ಸಿ’ ಎಂದರೆ ಸಿಟ್ಟುಮಾಡಿಕೊಳ್ಳು. ಆ ‘ಸಿ’ ಬೇರೇನೂ ಅಲ್ಲ, ನಮ್ಮ ‘ಕೊಳ್ಳು’! ಕ್ರಿಯೆಯ ಫಲ ಮಾಡಿದವನಿಗೇ ಮರಳುತ್ತದೆ ಎಂಬುದನ್ನು ಅವರು ಒಂದು ಬಾಲದಿಂದ, ನಾವು ಒಂದು ಸಹಾಯಕ ಕ್ರಿಯಾಪದದಿಂದ ಸೂಚಿಸುತ್ತೇವೆ. ಇಂಗ್ಲಿಷಿಗೆ ಅಂಥ ಬಾಲವಿಲ್ಲ. ಆ ಬಡತನವನ್ನು ಅದು ‘ಗೆಟ್ ಡ್ರೆಸ್ಡ್’, ‘ಗೆಟ್ ಮ್ಯಾರೀಡ್’, ‘ಗೆಟ್ ಆ್ಯಂಗ್ರಿ’ ಎಂದು ತುಂಬಿಕೊಳ್ಳುತ್ತದೆ. ‘ಸಿ’ ಬಂದ ಕಡೆ ‘ಗೆಟ್’ ಬರುತ್ತದೆಯೇ ಎಂದು ಮೊದಲು ನೋಡು ಎಂಬ ಸೂತ್ರ ಆಕೆಗೆ ಒಂದು ವಾರದಲ್ಲಿ ಪಠ್ಯಪುಸ್ತಕಕ್ಕಿಂತ ಹೆಚ್ಚು ಫಲ ಕೊಟ್ಟಿತು.

ಇನ್ನೊಂದು ಸಂಗತಿ. ಕ್ಷೌರಿಕನಲ್ಲಿಗೆ ಹೋಗಿ ಬಂದ ಇಟಲಿಯವನು ‘ಐ ಕಟ್ ಮೈ ಹೇರ್’ ಎನ್ನುತ್ತಾನೆ. ಕನ್ನಡಿಗನೂ ಅದನ್ನೇ ಹೇಳುತ್ತಾನೆ. ಆಂಗ್ಲರು ಮಾತ್ರ ‘ಐ ಗಾಟ್ ಮೈ ಹೇರ್ ಕಟ್’ ಎಂದು ಕತ್ತರಿಯನ್ನು ಕ್ಷೌರಿಕನ ಕೈಗೇ ಕೊಡುತ್ತಾರೆ. ‘ಮಾಡಿಸಿಕೊಳ್ಳು’ ಎಂಬ ಸುಂದರವಾದ ರೂಪ ನಮ್ಮಲ್ಲಿದೆ, ಇಟಾಲಿಯನ್‌ನಲ್ಲಿ ‘ಫಾರ್ಸಿ ಫಾರೆ’ ಇದೆ. ಇದ್ದೂ ಇಬ್ಬರೂ ತಪ್ಪುತ್ತೇವೆ.

ಗುರುವಿನ ಅಹಂಕಾರ ಹೆಚ್ಚು ದಿನ ಉಳಿಯಲಿಲ್ಲ. ಬಸ್ಸಿನಿಂದ ಇಳಿಯುವುದನ್ನು ನಾನು ‘ಗೆಟ್ ಡೌನ್’ ಎಂದು ಕಲಿಸಿದೆ. ಇಟಾಲಿಯನ್‌ನಲ್ಲಿ ‘ಶೆಂದೆರೆ’ ಎಂಬ ಒಂದೇ ಪದ ಬಸ್ಸಿಗೂ ಮೆಟ್ಟಿಲಿಗೂ ಆಗುತ್ತದೆ, ನಮ್ಮ ‘ಇಳಿ’ಯ ಹಾಗೆ. ಹೀಗಾಗಿ ಶಿಷ್ಯೆ ತಕರಾರಿಲ್ಲದೆ ಒಪ್ಪಿದಳು. ಮರುದಿನ ಪಠ್ಯಪುಸ್ತಕ ತಂದು ತೋರಿಸಿದಳು: ‘ಗೆಟ್ ಆಫ್’. ಪಾಠ ಮುಗಿಯಿತೆನ್ನಲು ‘ದ ಕ್ಲಾಸ್ ಗಾಟ್ ಓವರ್’ ಎಂದಾಗಲೂ ಇದೇ ಆಯಿತು. ‘ಗೆಟ್ ಓವರ್’ ಎಂದರೆ ಕಾಯಿಲೆಯಿಂದಲೋ ದುಃಖದಿಂದಲೋ ಚೇತರಿಸಿಕೊಳ್ಳುವುದಂತೆ. ತರಗತಿಯಿಂದ ಚೇತರಿಸಿಕೊಳ್ಳುವುದು ತರಗತಿಯೇ ಅಲ್ಲ, ವಿದ್ಯಾರ್ಥಿ ಎಂದು ಮಗಳು ಅಡುಗೆಮನೆಯಿಂದ ಕೂಗಿ ಹೇಳಿದಳು. ಇಡೀ ಭಾರತ ಬಳಸುವ ಈ ಪ್ರಯೋಗಗಳನ್ನು ನಾನು ತಪ್ಪೆನ್ನಲಾರೆ. ಆದರೆ ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ಅವು ಚಲಾವಣೆಯ ನಾಣ್ಯಗಳಲ್ಲ.

ಅರ್ಥಶಾಸ್ತ್ರದ ಎಂ.ಎ. ಮಾಡಿದವನಿಗೆ ಟ್ಯೂರಿನ್ ಎಂದರೆ ಪಿಯೆರೊ ಸ್ರಾಫ಼ಾ ಹುಟ್ಟಿದ ಊರು. 1898ರಲ್ಲಿ ಇಲ್ಲಿ ಹುಟ್ಟಿ, 1927ರಲ್ಲಿ ಕೇಂಬ್ರಿಜ್‌ಗೆ ಹೋಗಿ, 1960ರಲ್ಲಿ ಒಂದು ತೆಳುವಾದ ಪುಸ್ತಕ ಬರೆದು ನಮ್ಮಂಥ ವಿದ್ಯಾರ್ಥಿಗಳ ನಿದ್ದೆಗೆಡಿಸಿದ ಮಹನೀಯ. ತರಗತಿಯಲ್ಲಿ ಉಪನ್ಯಾಸ ನೀಡುವುದೆಂದರೆ ಆತನಿಗೆ ಯಮಯಾತನೆಯಾಗಿತ್ತು. ಆದರೆ ಭಾಷೆಯ ವಿಷಯದಲ್ಲಿ ತತ್ವಜ್ಞಾನಿ ವಿಟ್ಗೆನ್‌ಸ್ಟೈನ್‌ನನ್ನು ಕೆಣಕಿದವನೂ ಆತನೇ. ಮಾತಿಗೂ ಅದು ಸೂಚಿಸುವ ಸಂಗತಿಗೂ ಒಂದೇ ತಾರ್ಕಿಕ ರೂಪ ಇರಬೇಕೆಂದು ವಿಟ್ಗೆನ್‌ಸ್ಟೈನ್ ವಾದಿಸುತ್ತಿದ್ದಾಗ ಸ್ರಾಫ಼ಾ ನೇಪಲ್ಸ್ ಜನರಂತೆ ಬೆರಳ ತುದಿಗಳಿಂದ ಗದ್ದದ ಅಡಿಯನ್ನು ಸವರಿ, ಇದರ ತಾರ್ಕಿಕ ರೂಪ ಯಾವುದು ಎಂದು ಕೇಳಿದನೆಂಬ ಪ್ರತೀತಿಯಿದೆ. ವಿಟ್ಗೆನ್‌ಸ್ಟೈನ್ ತನ್ನ ಮರಣಾನಂತರ, 1953ರಲ್ಲಿ, ಪ್ರಕಟವಾದ ಗ್ರಂಥದ ಮುನ್ನುಡಿಯಲ್ಲಿ ಸ್ರಾಫ಼ಾನ ಋಣವನ್ನು ಸ್ಮರಿಸಿದ್ದಾನೆ. ನನ್ನ ಶಿಷ್ಯೆಗೆ ಈ ಕಥೆ ಹೇಳಿದೆ. ಆಕೆ ಸ್ರಾಫ಼ಾನ ಹೆಸರು ಕೇಳಿರಲಿಲ್ಲ; ಸನ್ನೆ ಮಾತ್ರ ಚೆನ್ನಾಗಿ ಗೊತ್ತಿತ್ತು. ಒಡನೆಯೇ ಮಾಡಿ ತೋರಿಸಿದಳು.

ನವೆಂಬರ್‌ನಲ್ಲಿ ನಾವು ಕಾಯಿಲೆಯ ಮಾತುಗಳಿಗೆ ಬಂದೆವು. ತಲೆ ಸುತ್ತಿದರೆ ಇಟಲಿಯ ರೋಗಿ ‘ಮಿ ಜಿರಾ ಲಾ ತೆಸ್ತಾ’ ಎನ್ನುತ್ತಾನೆ. ಪದಶಃ ನೋಡಿದರೆ ‘ನನಗೆ ತಲೆ ತಿರುಗುತ್ತದೆ’. ಉಸಿರು ಸಾಲದಿದ್ದರೆ ‘ಮಿ ಮಂಕಾ ಇಲ್ ಫ್ಯಾತೊ’, ನನಗೆ ಉಸಿರಿನ ಕೊರತೆಯಾಗುತ್ತದೆ. ಎಲ್ಲ ಕಡೆ ಹೀಗೆಂದಲ್ಲ, ಆದರೆ ಇಂಥ ಕಡೆಗಳಲ್ಲಿ ಅವರಿಗೂ ನಮಗೂ ಬಾಧೆಯೇ ಕರ್ತೃ. ರೋಗಿ ಚತುರ್ಥಿ ವಿಭಕ್ತಿಯಲ್ಲಿ ಒಂದು ಬದಿಗೆ ಕುಳಿತು ಅನುಭವಿಸುವವನು. ಆಂಗ್ಲ ರೋಗಿಯಾದರೋ ‘ಐ ಗೆಟ್ ಡಿಜ಼ಿ’, ‘ಐ ಗೆಟ್ ಬ್ರೆತ್‌ಲೆಸ್’ ಎನ್ನುತ್ತಾನೆ. ತನ್ನ ತಲೆಸುತ್ತಿಗೂ ತಾನೇ ಕರ್ತೃ. ‘ಇಟ್ಸ್ ಗೆಟಿಂಗ್ ವರ್ಸ್’ ಎಂಬುದನ್ನು ಆಕೆಗೆ ಬಿಡಿಸಿ ಹೇಳುತ್ತ, ನೋವು ಈಗ ಎಷ್ಟಿದೆ ಎಂಬುದಲ್ಲ, ಯಾವ ಕಡೆಗೆ ಸಾಗುತ್ತಿದೆ ಎಂಬುದು ಇಲ್ಲಿನ ವಿಷಯ, ಇದನ್ನು ಕೇಳಿದ ಕೂಡಲೇ ಎದ್ದು ಹೋಗಿ ವೈದ್ಯರನ್ನು ಕರೆಯಬೇಕು ಎಂದೆ. ನನ್ನ ದನಿ ಅಗತ್ಯಕ್ಕಿಂತ ಏರಿತ್ತು. ಆಕೆ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು.

ಆಗ ಹೇಳಿದೆ. 2017ರಲ್ಲಿ ನನ್ನ ಪತ್ನಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಮಂಡಿಯ ಶಸ್ತ್ರಚಿಕಿತ್ಸೆಗೆ ದಾಖಲಾಗಿದ್ದಳು. ರಾತ್ರಿ ಹನ್ನೊಂದರ ಹೊತ್ತಿಗೆ ‘ಒಂಥರಾ ಆಗ್ತಾ ಇದೆ’ ಎಂದಳು. ಪಾಳಿಯಲ್ಲಿದ್ದ ಕಿರಿಯ ವೈದ್ಯರಿಗೆ ಕನ್ನಡ ಬಾರದು. ಏನೆನ್ನುತ್ತಿದ್ದಾರೆ ಎಂದು ನನ್ನನ್ನು ಕೇಳಿದರು. ನಾನು ತುಸು ಯೋಚಿಸಿ, ಒಳ್ಳೆಯ ಇಂಗ್ಲಿಷಿನಲ್ಲಿ, ‘ಶಿ ಇಸ್ ಅನ್‌ಈಸಿ’ ಎಂದೆ. ಹೊಸ ಜಾಗ, ಆತಂಕ ಸಹಜ ಎಂದು ಅವರು ಸಮಾಧಾನ ಹೇಳಿ ನಿದ್ದೆಗೆ ಔಷಧಿ ಬರೆದರು. ಅದು ಲಘು ಹೃದಯಾಘಾತವೆಂದು ಬೆಳಿಗ್ಗೆಯ ಇ.ಸಿ.ಜಿ.ಯಲ್ಲಿ ತಿಳಿಯಿತು. ವೈದ್ಯರನ್ನು ನಾನು ಅಂದೂ ದೂರಲಿಲ್ಲ, ಇಂದೂ ದೂರುವುದಿಲ್ಲ, ಅನುವಾದ ನನ್ನದು. ‘ಆಗ್ತಾ ಇದೆ’ ಎಂಬುದರಲ್ಲಿದ್ದ ಆ ‘ಆಗು’ವನ್ನು, ಏನೋ ನಡೆಯುತ್ತಿದೆ, ಇನ್ನೂ ನಡೆಯುತ್ತಿದೆ ಎಂಬುದನ್ನು, ನಾನು ಒಂದು ಗೌರವಸ್ಥ ವಿಶೇಷಣದೊಳಗೆ ಹೂತುಹಾಕಿದ್ದೆ. ಆಕೆ ಅದರ ನಂತರ ಎರಡು ವರ್ಷ ಬದುಕಿದ್ದಳು. ಈ ವಿಷಯ ಅವಳಿಗೆ ನಾನು ಹೇಳಲೇ ಇಲ್ಲ.

ಶಿಷ್ಯೆ ಏನೂ ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ನಂತರ, ‘ಒಂಥರಾ’ ಎಂಬುದನ್ನು ಹೇಗೆ ಬರೆಯುವುದೆಂದು ಕೇಳಿ ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಅಂದು ಪಾಠ ಮುಂದುವರಿಯಲಿಲ್ಲ.

2024ರ ಆರಂಭದಲ್ಲಿ ಆಕೆ ಮರಳಿ ಪರೀಕ್ಷೆಗೆ ಕುಳಿತು ತೇರ್ಗಡೆಯಾದಳು. ಈಗ ಉತ್ತರ ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿದ್ದಾಳೆ. ವೃದ್ಧರೇ ಹೆಚ್ಚಾಗಿರುವ ವಾರ್ಡಂತೆ. ಮೊನ್ನೆ ಸಂದೇಶ ಬಂತು. ಸೊಂಟದ ಮೂಳೆ ಮುರಿದುಕೊಂಡ ಅಜ್ಜನೊಬ್ಬನನ್ನು ಹೇಗಿದ್ದೀರಿ ಎಂದು ಕೇಳಿದರೆ ಆತ ‘ಗೆಟ್ಟಿಂಗ್ ದೇರ್, ಲವ್’ ಎಂದನಂತೆ. ಎಲ್ಲಿಗೆ ಎಂದು ಈಕೆ ಕೇಳಿದಳಂತೆ. ವಾರ್ಡಿಗೆ ವಾರ್ಡೇ ನಕ್ಕಿತಂತೆ, ಅಜ್ಜನೂ ಸೇರಿ.

ನಿಮ್ಮ ಮೂರು ಪೆಟ್ಟಿಗೆಗಳಲ್ಲಿ ಇದು ಯಾವುದರದು ಎಂಬುದು ಆಕೆಯ ಪ್ರಶ್ನೆ. ‘ದೇರ್’ ಎಂಬುದು ಸ್ಥಳವಾದ್ದರಿಂದ ಮೂರನೆಯದಕ್ಕೆ ಸೇರಬೇಕು. ಅರ್ಥ ಮಾತ್ರ ಪೂರ್ತಿಯಾಗಿ ‘ಆಗು’ವಿನದು. ಎರಡು ಉತ್ತರಗಳನ್ನು ಬರೆದು ಅಳಿಸಿದ್ದೇನೆ. ಇನ್ನೂ ಕಳಿಸಿಲ್ಲ.