ಖಾನಾಪುರದ ಮಳೆಗೆ ಫ್ಲಾಪಿ ತಾಳುವುದಿಲ್ಲ

ಮೊದಲು ಐದು ಸೆಕೆಂಡು ಒಂದೇ ಸ್ವರ. ಟಿವಿ ಪರದೆಯ ಅಂಚಿನಲ್ಲಿ ಕೆಂಪು, ತಿಳಿನೀಲಿ ಪಟ್ಟೆಗಳು ನಿಧಾನಕ್ಕೆ ಸರಿಯುತ್ತವೆ. ಆಮೇಲೆ ಚಿರ್ರ್ ಎಂದು ಒಂದು ತುಣುಕು. ಪಟ್ಟೆಗಳು ನೀಲಿ-ಹಳದಿಗೆ ತಿರುಗಿ ಸಣ್ಣಗಾಗುತ್ತವೆ, ಪರದೆಯ ಮೇಲೆ ಪ್ರೋಗ್ರಾಮಿನ ಹೆಸರು ಮೂಡುತ್ತದೆ. ಮತ್ತೆ ಎರಡು ಸೆಕೆಂಡು ಅದೇ ಸ್ವರ. ಅಲ್ಲಿಂದ ಮುಂದೆ ನಾಲ್ಕೈದು ನಿಮಿಷ ಕಿವಿ ಕೊರೆಯುವ ಗಲಾಟೆ. ಖಾನಾಪುರದ ಹೆಂಚಿನ ಮನೆಯ ಪಡಸಾಲೆಯಲ್ಲಿ ಕಾಕಾ ಕಣ್ಣು ಮುಚ್ಚಿ ಇದನ್ನು ಕೇಳುತ್ತ ಕೂತಿದ್ದರು. ನಡುವೆ ಒಮ್ಮೆ ಕೈ ಎತ್ತಿ, "ಈಗ ನೋಡು ತಮಾ, ಬಣ್ಣ ಬರ್ತಾವ" ಅಂದರು. ಅಲ್ಲಿಯವರೆಗೆ ಕಪ್ಪು-ಬಿಳುಪಾಗಿದ್ದ ಚಿತ್ರಕ್ಕೆ ಮೇಲಿನಿಂದ ಕೆಳಗೆ ಬಣ್ಣ ಇಳಿಯತೊಡಗಿತು. ಕಾಕಾ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಕಾಕಾನ ಕಥೆ ನನಗೆ ಹೇಳಿದ್ದು ಬೆಳಗಾವಿಯ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ. "ಫ್ಲಾಪಿ ಇಲ್ಲ, ಹಾರ್ಡ್ ಡಿಸ್ಕ್ ಇಲ್ಲ, ಮೊಬೈಲಿನಿಂದ ಹಾಡು ಕೇಳಿಸಿ ಕಂಪ್ಯೂಟರ್ ನಡೆಸ್ತಾರ್ರೀ" ಅಂದಿದ್ದ. ಹೋಗಿ ನೋಡಿದರೆ ಹಾಡಲ್ಲ ಅನ್ನುವುದೊಂದು ಬಿಟ್ಟರೆ ಮಿಕ್ಕಿದ್ದೆಲ್ಲ ನಿಜ. ಕಾಕಾಗೆ ಎಪ್ಪತ್ತು ದಾಟಿದೆ. ಹುಡುಗನಾಗಿದ್ದಾಗ ಬೆಳಗಾವಿಯ ಖಡೇಬಜಾರಿನಲ್ಲಿ ರೇಡಿಯೊ ರಿಪೇರಿ ಕಲಿತು, ಆಮೇಲೆ ಟೇಪ್‌ರೆಕಾರ್ಡರು, ಟಿವಿ ಎಂದು ಮುಂದುವರಿದವರು. ಹೆಸರು ಬರೆದುಕೊಳ್ಳಲು ಹೋದರೆ ಕೈ ಅಡ್ಡ ಹಿಡಿದರು. "ಹೆಸರು ಬ್ಯಾಡೋ. ಪೇಪರಿನ್ಯಾಗ ಬಂದ್ರ ಮಂದಿ ಕೆಟ್ಟ ಮಿಕ್ಸರ್ ಹೊತ್ಕೊಂಡು ಬರ್ತಾರ."

ಅವರ ಮೇಜಿನ ಮೇಲಿರುವುದು ಡಿಬಿ ಸ್ಪೆಕ್ಟ್ರಮ್ ಪ್ಲಸ್. ಇದರ ಮೂಲ ಇಂಗ್ಲೆಂಡಿನ ಕೇಂಬ್ರಿಜ್. ಸಿಂಕ್ಲೇರ್ ರಿಸರ್ಚ್ ಕಂಪನಿ 1982ರ ಏಪ್ರಿಲ್‌ನಲ್ಲಿ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಅಗ್ಗದ ಮನೆ ಕಂಪ್ಯೂಟರ್ ತಂದಿತು. ಝಡ್ 80 ಪ್ರೊಸೆಸರು, 3.5 ಮೆಗಾಹರ್ಟ್ಸ್ ವೇಗ, ಹೆಚ್ಚೆಂದರೆ 48 ಕಿಲೋಬೈಟ್ ಮೆಮೊರಿ. ಪರದೆಗೆ ಮನೆಯ ಟಿವಿ, ಸಂಗ್ರಹಕ್ಕೆ ಮನೆಯ ಟೇಪ್‌ರೆಕಾರ್ಡರು. ನಮ್ಮಲ್ಲಿ ಆ ದಶಕದ ಕೊನೆಗೆ ಪುಣೆಯ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಇದರದೇ ರೂಪವನ್ನು ತಯಾರಿಸಿ ಮಾರಿತು. ಬೆಳಗಾವಿಗೆ ಬೆಂಗಳೂರಿಗಿಂತ ಪುಣೆ ಹತ್ತಿರ. ಇಲ್ಲಿಯ ಅಂಗಡಿಗಳಿಗೆ ಬಿಡಿಭಾಗ ಬರುತ್ತಿದ್ದದ್ದೂ ರಾತ್ರಿ ಬಸ್ಸಿನಲ್ಲಿ ಅಲ್ಲಿಂದಲೇ ಅನ್ನುತ್ತಾರೆ ಕಾಕಾ. ಅವರಿಗೆ ಇದು ಸಿಕ್ಕಿದ್ದು ರಿಪೇರಿಗೆಂದು. ಕೊಟ್ಟವರು ವಾಪಸ್ ಒಯ್ಯಲು ಬರಲೇ ಇಲ್ಲ.

ಇದರ ಹಿಂಭಾಗದಲ್ಲಿ ಎರಡು ಸಣ್ಣ ತೂತುಗಳಿವೆ. ಒಂದಕ್ಕೆ ಇಯರ್, ಇನ್ನೊಂದಕ್ಕೆ ಮೈಕ್ ಎಂದು ಹೆಸರು. ಮೈಕ್‌ನಿಂದ ಪ್ರೋಗ್ರಾಮು ಸದ್ದಾಗಿ ಹೊರಗೆ ಹೋಗುತ್ತದೆ, ಇಯರ್‌ನಿಂದ ಸದ್ದಾಗಿ ಒಳಗೆ ಬರುತ್ತದೆ. ಆ ಸದ್ದು ಟೇಪಿನಿಂದ ಬಂತೋ, ಮೊಬೈಲಿನಿಂದ ಬಂತೋ ಯಂತ್ರಕ್ಕೆ ತಿಳಿಯುವುದಿಲ್ಲ. ಅದು ಎಣಿಸುವುದು ಸಮಯವನ್ನು ಮಾತ್ರ. ಒಂದು ಅಲೆ ಸುಮಾರು 489 ಮೈಕ್ರೊಸೆಕೆಂಡಿನದಾದರೆ ಅದು ಸೊನ್ನೆ, ಅದರ ಇಮ್ಮಡಿ ಉದ್ದವಿದ್ದರೆ ಒಂದು. ಎಂಟು ಅಲೆಗೊಂದು ಬೈಟ್. ಪರದೆಯ ಪೂರ್ತಿ ಚಿತ್ರಕ್ಕೆ 6,912 ಬೈಟ್. ಅದರಲ್ಲಿ ಕೊನೆಯ 768 ಬೈಟ್ ಬರೀ ಬಣ್ಣದ್ದು. ಹಾಗಾಗಿ ಚಿತ್ರದ ಗೆರೆಗಳೆಲ್ಲ ಬಂದು ಮುಗಿದ ಮೇಲೇ ಬಣ್ಣದ ಸರದಿ. ಒಂದು ಚಿತ್ರಕ್ಕೆ ಹತ್ತಿರ ಹತ್ತಿರ ನಲವತ್ತು ಸೆಕೆಂಡು. ಕಾಕಾ ಕಣ್ಣು ಮುಚ್ಚಿ ಬಣ್ಣ ಹಿಡಿದದ್ದು ಹೀಗೆ.

ಕೊನೆಗೆ ಒಂದು ತಾಳೆಯ ಬೈಟ್ ಬರುತ್ತದೆ. ಮದುವೆ ಮನೆಯಲ್ಲಿ ಆಹೇರಿ ಬರೆದುಕೊಂಡವನು ಪುಸ್ತಕದ ಮೊತ್ತಕ್ಕೂ ಪೆಟ್ಟಿಗೆಯ ರೊಕ್ಕಕ್ಕೂ ತಾಳೆ ನೋಡುವ ಹಾಗೆ, ಬಂದ ಬೈಟುಗಳನ್ನೆಲ್ಲ ಕೂಡಿಸಿ ಯಂತ್ರ ಅದಕ್ಕೆ ಹೋಲಿಸುತ್ತದೆ. ಒಂದೇ ಒಂದು ಬಿಟ್ ಹೆಚ್ಚುಕಡಿಮೆಯಾದರೂ ಪರದೆಯ ಕೆಳಗೆ 'ಆರ್ ಟೇಪ್ ಲೋಡಿಂಗ್ ಎರರ್' ಎಂದು ಬರೆದು ಸುಮ್ಮನಾಗುತ್ತದೆ. ಮತ್ತೆ ಮೊದಲಿನಿಂದ ಶುರು.

ಮೊಬೈಲಿನಿಂದ ಲೋಡ್ ಮಾಡುವುದನ್ನು ಕಾಕಾ ಮಾಡಿ ತೋರಿಸಿದರು. ಫೋನನ್ನು ಮೊದಲು ಫ್ಲೈಟ್ ಮೋಡಿಗೆ ಹಾಕಬೇಕು. ಮೂರನೇ ನಿಮಿಷದಲ್ಲಿ ಯಾರದೋ ಗುಡ್ ಮಾರ್ನಿಂಗ್ ಮೆಸೇಜು ಟಿಂಗ್ ಅಂದರೆ ಅಲ್ಲಿಗೆ ಮುಗಿಯಿತು. ಫೈಲು ವೇವ್ ರೂಪದ್ದಾದರೆ ಒಳ್ಳೆಯದು. ಎಂಪಿ3 ಮಾಡುವಾಗ ಕಿವಿಗೆ ಬೇಡವೆನಿಸಿದ್ದನ್ನು ಕತ್ತರಿಸುತ್ತಾರೆ, ಕತ್ತರಿಸಿದ್ದು ಯಂತ್ರಕ್ಕೆ ಬೇಕಾಗಿರಬಹುದು. ಫೋನಿನದು ಸ್ಟೀರಿಯೊ ಪಿನ್ನು, ಸ್ಪೆಕ್ಟ್ರಮ್ಮಿನದು ಮೊನೊ ತೂತು. ಆದ್ದರಿಂದ ಎಡಗಡೆಯ ತಂತಿಯನ್ನಷ್ಟೇ ಬೆಸೆದ ವೈರು. ಫೋನಿನ ವಾಲ್ಯೂಮ್ ಪೂರ್ತಿ ಏರಿಸಿದರೂ ಈ ಯಂತ್ರಕ್ಕೆ ಸಾಲದು. ಅದಕ್ಕೆ ನಡುವೆ ಎಲ್‌ಎಂ 386 ಚಿಪ್ಪಿನ ಪುಟ್ಟ ಆಂಪ್ಲಿಫೈಯರು, ಹಳೇ ಸೋಪಿನ ಡಬ್ಬಿಯೊಳಗೆ. ಡಬ್ಬಿಯ ಪಕ್ಕಕ್ಕೊಂದು ಸ್ಪೀಕರು. ಲೋಡಿಂಗಿಗೆ ಅದು ಬೇಕಿಲ್ಲ. "ಯಂತ್ರ ಕೇಳೂದು ನಾವೂ ಕೇಳಬೇಕಲ್ಲ" ಎಂಬುದು ಕಾಕಾನ ವಾದ.

ಅವರ ನಿಜವಾದ ಕೈಗುಣ ಕಾಣುವುದು ಕ್ಯಾಸೆಟ್ಟಿನಲ್ಲಿ. ಟೇಪ್‌ರೆಕಾರ್ಡರಿನ ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗಿನ ಮೇಲೆ ಕೂತ ಒಂದು ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸಿದರೆ ಹೆಡ್ಡು ಒಂಚೂರು ವಾಲುತ್ತದೆ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುವಾಗ ಸೊನ್ನೆಯ ಒಂದು ಅಲೆಗೆ ಸಿಗುವ ಜಾಗ ಸುಮಾರು 23 ಮೈಕ್ರಾನ್. ಹೆಡ್ಡಿನ ಸೀಳು ಟೇಪಿಗೆ ನೆಟ್ಟಗಿಲ್ಲದಿದ್ದರೆ ಅಷ್ಟು ಸಣ್ಣ ಅಲೆ ಕಲಸಿಹೋಗುತ್ತದೆ. ಬೇರೆ ಮನೆಯಲ್ಲಿ ರೆಕಾರ್ಡ್ ಆದ ಟೇಪು ನಮ್ಮ ಮನೆಯಲ್ಲಿ ಓದದಿರಲು ಬಹುಮಟ್ಟಿಗೆ ಇದೇ ಕಾರಣ. ಕಾಕಾ ಟೇಪು ಓಡಿಸುತ್ತಲೇ ಸ್ಕ್ರೂಡ್ರೈವರ್ ತೂರಿಸಿ ಕಾಲು ಸುತ್ತು ಆಚೆ, ಅರೆ ಕಾಲು ಸುತ್ತು ಈಚೆ ತಿರುಗಿಸುತ್ತಾರೆ. ಮಂಕಾಗಿದ್ದ ಸದ್ದು ಒಂದು ಜಾಗದಲ್ಲಿ ಫಕ್ಕನೆ ಚೂಪಾಗುತ್ತದೆ. ಅಲ್ಲಿ ನಿಲ್ಲಿಸಬೇಕು. ನಾನೂ ತಿರುಗಿಸಿ ನೋಡಿದೆ. ಚೂಪಾದದ್ದು ಗೊತ್ತಾಗುತ್ತದೆ, ಎಷ್ಟು ಚೂಪಾದರೆ ಸಾಕು ಎಂಬುದು ಗೊತ್ತಾಗುವುದಿಲ್ಲ. ಸಂಗೀತ ಕೇಳುವ ಕಿವಿ ಇದ್ದರೆ ಇದು ಬರುತ್ತದೆಯೇ ಎಂದು ಕೇಳಿದೆ. "ರಿಪೇರಿ ಮಾಡಿದ ಕಿವಿ ಬೇಕು" ಅಂದರು.

ಇಷ್ಟೆಲ್ಲ ಯಾಕೆ, ಫ್ಲಾಪಿ ಇರಲಿಲ್ಲವೇ? ಇತ್ತು. ಸಿಂಕ್ಲೇರ್ ಕಂಪ್ಯೂಟರ್ ವ್ಯವಹಾರವನ್ನು 1986ರಲ್ಲಿ ಕೊಂಡ ಆಮ್‌ಸ್ಟ್ರಾಡ್, ಮರುವರ್ಷ ಮೂರಿಂಚಿನ ಡಿಸ್ಕಿನ ಸ್ಪೆಕ್ಟ್ರಮ್ಮನ್ನೇ ತಂದಿತು. ಈಗ ಆ ಡ್ರೈವಿನ ರಬ್ಬರ್ ಬೆಲ್ಟುಗಳು ಕರಗಿ ಡಾಂಬರಾಗಿವೆ. ಮೂರೂವರೆ ಇಂಚಿನ ಫ್ಲಾಪಿ ಮಾಡುವುದನ್ನು ಸೋನಿ 2011ರಲ್ಲಿ ನಿಲ್ಲಿಸಿತು. ಆದರೆ ಖಾನಾಪುರಕ್ಕೆ ಇವೆಲ್ಲಕ್ಕಿಂತ ಹತ್ತಿರದ ಕಾರಣ ಇನ್ನೊಂದಿದೆ. ಮಲಪ್ರಭೆ ಹುಟ್ಟುವ ಕಣಕುಂಬಿ ಇದೇ ತಾಲ್ಲೂಕಿನದು. ಜೂನ್‌ನಲ್ಲಿ ಹಿಡಿದ ಮಳೆ ಬಿಡುವಷ್ಟರಲ್ಲಿ ಗೋಡೆ, ಚಪ್ಪಲಿ, ಪುಸ್ತಕ ಎಲ್ಲಕ್ಕೂ ಬೂಷ್ಟು. ಫ್ಲಾಪಿಯ ಒಳಗಿನ ತಟ್ಟೆಯ ಮೇಲೂ ಬಿಳಿ ಚುಕ್ಕೆ ಏಳುತ್ತದೆ. ಅದನ್ನು ಹಾಗೇ ಡ್ರೈವಿಗೆ ಹಾಕಿದರೆ ಬೂಷ್ಟು ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಒಳ್ಳೆಯ ಫ್ಲಾಪಿಯನ್ನೂ ಕೆರೆಯುತ್ತದೆ. ಕ್ಯಾಸೆಟ್ಟಿಗೇನು ಬೂಷ್ಟು ಹಿಡಿಯುವುದಿಲ್ಲವೇ ಎಂದರೆ, ಹಿಡಿಯುತ್ತದೆ. ಆದರೆ ಅದನ್ನು ಬಿಚ್ಚಿ, ಒರೆಸಿ, ಬೇರೆ ಕವಚಕ್ಕೆ ಸುತ್ತಬಹುದು. ಒಮ್ಮೆ ಓದಿಸಿ ಸದ್ದನ್ನು ಫೈಲು ಮಾಡಿಟ್ಟರೆ ಆಮೇಲೆ ಮಳೆಯ ಭಯವಿಲ್ಲ.

ಇನ್ನೂ ಸುಲಭದ ದಾರಿಗಳಿವೆ. ಡಿವ್‌ಎಂಎಂಸಿ ಎಂಬ ಹಲಗೆಯನ್ನು ಹಿಂದೆ ಸಿಕ್ಕಿಸಿದರೆ ಎಸ್‌ಡಿ ಕಾರ್ಡಿನಿಂದ ಆಟ ಕ್ಷಣದಲ್ಲಿ ತೆರೆಯುತ್ತದೆ. ಆರ್ಡುಯಿನೊ ಬಳಸಿ ಕಾರ್ಡಿನಲ್ಲಿರುವ ಫೈಲನ್ನು ಟೇಪಿನ ಸದ್ದಾಗಿಯೇ ನುಡಿಸುವ ಪೆಟ್ಟಿಗೆಗಳೂ ಬಂದಿವೆ. ಹಳೆಯ ಆ್ಯಪಲ್ 2 ಇದ್ದವರು ಅದರ ಕ್ಯಾಸೆಟ್ ತೂತಿಗೆ ವೇಗದ ಸದ್ದು ಕೊಟ್ಟು ಡಿಸ್ಕಿನ ಪ್ರೋಗ್ರಾಮುಗಳನ್ನೇ ಸೆಕೆಂಡುಗಳಲ್ಲಿ ಏರಿಸುತ್ತಾರೆ. ಕಾಕಾಗೆ ಇವೆಲ್ಲ ಗೊತ್ತು. ಹುಡುಗರು ತಂದು ತೋರಿಸಿದ್ದಾರೆ. "ಛಲೋ ಐತಿ" ಅನ್ನುತ್ತಾರೆ, ಬಳಸುವುದಿಲ್ಲ.

ಟೇಪು ಓದುತ್ತಿದ್ದದ್ದು ಸ್ಪೆಕ್ಟ್ರಮ್ ಒಂದೇ ಅಲ್ಲ. ನಮ್ಮ ದೇಶದ ಶಾಲೆಗಳಿಗೆ ಕಂಪ್ಯೂಟರ್ ಬಂದದ್ದು 1984ರ ಕ್ಲಾಸ್ ಯೋಜನೆಯಿಂದ. ಮೊದಲ ಹಂತದಲ್ಲಿ 250 ಶಾಲೆಗಳಿಗೆ ಬ್ರಿಟನ್ನಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೊ ಕೊಟ್ಟರು. ಆಮೇಲೆ ಸರ್ಕಾರದ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಅದನ್ನು ಯುನಿಕಾರ್ನ್ ಎಂಬ ಹೆಸರಿನಲ್ಲಿ ಇಲ್ಲಿಯೇ ತಯಾರಿಸಿತು. ಬಿಬಿಸಿ ಮೈಕ್ರೊ ಕೂಡ ಟೇಪನ್ನು ಓದುತ್ತಿತ್ತು, ಆದರೆ ಸ್ಪೆಕ್ಟ್ರಮ್ಮಿನಷ್ಟು ಹಟಮಾರಿಯಲ್ಲ. ಅದು 256 ಬೈಟಿನ ತುಂಡು ತುಂಡಾಗಿ ತಾಳೆ ನೋಡುತ್ತಿತ್ತು. ತಪ್ಪಿದರೆ ಟೇಪನ್ನು ಸ್ವಲ್ಪ ಹಿಂದಕ್ಕೆ ಸುತ್ತು ಎಂದು ಹೇಳುತ್ತಿತ್ತು, ಅಲ್ಲಿಂದ ಮುಂದುವರಿಯಬಹುದಿತ್ತು. ಟೇಪ್‌ರೆಕಾರ್ಡರಿನ ಮೋಟಾರನ್ನು ತಾನೇ ನಿಲ್ಲಿಸಲು ಒಳಗೊಂದು ರಿಲೇ ಇತ್ತು. ಎಂಜಿನಿಯರಿಂಗ್ ಎಂದರೆ ಅದು ಎಂದು ನನಗನಿಸುತ್ತದೆ. ಕಾಕಾ ಒಪ್ಪುವುದಿಲ್ಲ.

ಸದ್ದಿನ ಮಾತು ಬಂದರೆ ಯುಗೊಸ್ಲಾವಿಯಾದ ಕಥೆ ಹೇಳಲೇಬೇಕು. 1983ರಲ್ಲಿ ಬೆಲ್‌ಗ್ರೇಡ್ ರೇಡಿಯೊದ ಝೊರಾನ್ ಮೊಡ್ಲಿ ತಮ್ಮ 'ವೆಂಟಿಲೇಟರ್ 202' ಕಾರ್ಯಕ್ರಮದಲ್ಲಿ ಕಂಪ್ಯೂಟರ್ ಪ್ರೋಗ್ರಾಮುಗಳನ್ನೇ ಪ್ರಸಾರ ಮಾಡಲು ಶುರುಮಾಡಿದರು. ಕೇಳುಗರು ಟೇಪಿಗೆ ಇಳಿಸಿಕೊಂಡು ಮನೆಯಲ್ಲಿ ನಡೆಸುತ್ತಿದ್ದರು. ನೆದರ್‌ಲೆಂಡ್ಸಿನ ರೇಡಿಯೊದವರೂ ಬೇಸಿಕೋಡ್ ಎಂಬ ಸಾಮಾನ್ಯ ರೂಪ ಕಟ್ಟಿ ಇದನ್ನೇ ಮಾಡಿದರು. ಕಾಕಾಗೆ ಇದನ್ನು ಹೇಳಿದಾಗ ಬಹಳ ಹೊತ್ತು ನಕ್ಕರು. 1950ರಿಂದ ಈ ಸೀಮೆಗೆ ಹಾಡು, ಕೃಷಿರಂಗ, ವಾರ್ತೆ ಕೇಳಿಸಿದ ಧಾರವಾಡ ಆಕಾಶವಾಣಿ 765 ಕಿಲೋಹರ್ಟ್ಸಿನಲ್ಲಿ ಐದು ನಿಮಿಷ ಹೀಗೆ ಚೀರಿದ್ದರೆ? "ನಮ್ಮವ್ವ ರೇಡಿಯೊ ಒಯ್ದು ಭಾವ್ಯಾಗ ಒಗೀತಿದ್ಲು."

ಇದನ್ನು ಬರೀ ಒಬ್ಬ ಮುದುಕರ ಹುಚ್ಚು ಎಂದುಕೊಳ್ಳುವ ಎಂಜಿನಿಯರುಗಳಿಗೆ ಕಾಲೇಜು ಲ್ಯಾಬಿನ 8085 ಮೈಕ್ರೊಪ್ರೊಸೆಸರ್ ಕಿಟ್ಟು ನೆನಪಿಸಬೇಕು. ಕರ್ನಾಟಕದಲ್ಲಿ ಎಲೆಕ್ಟ್ರಾನಿಕ್ಸ್ ಓದಿದ ಒಂದು ತಲೆಮಾರು ಫ್ಲಾಪಿಯಿಲ್ಲದ ಯಂತ್ರದ ಮುಂದೆಯೇ ಕಲಿತದ್ದು. 3ಇ, 05, 06, 03, 80, 32, 00, 21, 76. ಐದು ಮತ್ತು ಮೂರನ್ನು ಕೂಡಿಸಲು ಒಂಬತ್ತು ಬೈಟ್ ಬೆರಳಲ್ಲಿ ಒತ್ತಬೇಕು, ಕರೆಂಟು ಹೋದರೆ ಮತ್ತೆ ಒತ್ತಬೇಕು. ಅಂಥ ಹಲವು ಕಿಟ್ಟುಗಳಲ್ಲಿ ಕ್ಯಾಸೆಟ್ಟಿಗೆ ಉಳಿಸುವ ಸೌಲಭ್ಯವೂ ಇತ್ತು. ಬಳಸಿದವರು ನನಗಂತೂ ಸಿಕ್ಕಿಲ್ಲ. ಈಗ ಆ ಕಿಟ್ಟುಗಳು ಲ್ಯಾಬಿನಿಂದ ಎದ್ದು, ಲಿಲಾವಿನಲ್ಲಿ ತೂಕಕ್ಕೆ ಹೋಗುತ್ತಿವೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಿಂದ ಬೆಳಗಾವಿಯಲ್ಲೇ ಇದೆ. ಅಲ್ಲೊಂದು ಕೋಣೆ, ನಾಲ್ಕು ಮೇಜು, ಚಾಲೂ ಸ್ಥಿತಿಯ ನಾಲ್ಕು ಹಳೇ ಯಂತ್ರ ಕೇಳುವುದು ಹೆಚ್ಚೇನಲ್ಲ. ಗಾಜಿನ ಕಪಾಟು ಬೇಡ. ಮುಟ್ಟಲು ಬಿಡದ ಕಂಪ್ಯೂಟರಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಆಟಗಳೇನೋ ಉಳಿಯುತ್ತವೆ. 1983ರ ಮ್ಯಾನಿಕ್ ಮೈನರ್ ಆಟದ ಪ್ರತಿ ಜಗತ್ತಿನ ಎಲ್ಲ ಮೂಲೆಯಲ್ಲಿದೆ. ಕಾಕಾನ ಕಪಾಟಿನಲ್ಲಿ ಬೇರೆಲ್ಲೂ ಇಲ್ಲದ ಮೂರು ಕ್ಯಾಸೆಟ್ಟುಗಳಿವೆ. ಖಾನಾಪುರದ ಹೆಂಚಿನ ಕಾರ್ಖಾನೆಯೊಂದಕ್ಕೆ ವಾರದ ಪಗಾರದ ಲೆಕ್ಕ ಮಾಡಲು ಅವರೇ ಬೇಸಿಕ್ ಭಾಷೆಯಲ್ಲಿ ಬರೆದ ಪ್ರೋಗ್ರಾಮು ಅವುಗಳಲ್ಲಿದೆ. ಸ್ಪೆಕ್ಟ್ರಮ್ಮಿನಲ್ಲಿ ನಾವೇ ರೂಪಿಸಬಹುದಾದ ಅಕ್ಷರ 21 ಮಾತ್ರ, ಒಂದೊಂದಕ್ಕೂ ಎಂಟು ಚುಕ್ಕೆ ಅಗಲ, ಎಂಟು ಎತ್ತರ. ಅದರಲ್ಲಿ ಹತ್ತನ್ನು ಕನ್ನಡ ಅಂಕಿಗಳಿಗೆ ಕೊಟ್ಟು, ಉಳಿದ ಹನ್ನೊಂದರಲ್ಲಿ 'ರೂ', 'ಪೈ', 'ವಾರ' ಹೊಂದಿಸಿದ್ದಾರೆ. ಎಂಟು ಚುಕ್ಕೆಯೊಳಗೆ ೬ ಮತ್ತು ೯ ಬೇರೆಬೇರೆಯಾಗಿ ಕಾಣುವಂತೆ ಮಾಡಲು ಚೌಕುಳಿ ವಹಿಯ ಹಾಳೆಗಳನ್ನು ಎಷ್ಟು ಹಾಳು ಮಾಡಿದ್ದಾರೋ. ಅವನ್ನೂ ಇಟ್ಟುಕೊಂಡಿದ್ದಾರೆ.

ಕ್ಯಾಸೆಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ 'ರನ್ ಒತ್ತಬ್ಯಾಡ' ಎಂದಿದೆ. ಈ ಯಂತ್ರ ಬೇಸಿಕ್ ಪ್ರೋಗ್ರಾಮನ್ನು ಉಳಿಸುವಾಗ ಅದರೊಳಗೆ ತುಂಬಿದ ಹೆಸರು, ಮೊತ್ತಗಳನ್ನೂ ಜೊತೆಗೇ ಉಳಿಸುತ್ತದೆ. ಮರಳಿ ಲೋಡ್ ಮಾಡಿ ರನ್ ಎಂದರೆ ಅವೆಲ್ಲ ಅಳಿಸಿ ಖಾಲಿಯಿಂದ ಶುರು. ಗೋ ಟು 10 ಎಂದರೆ ಉಳಿಯುತ್ತವೆ. ಹಾಗೆ ಕೊಟ್ಟಾಗ ಒಂದನೇ ಟೇಪಿನ ಪಟ್ಟಿ ಪರದೆಗೆ ಬಂತು: ಮಣ್ಣು ಕಲಸುವವರು, ಅಚ್ಚಿನವರು, ಭಟ್ಟಿಯವರು, ಅವರ ಅವರ ದಿನ, ಅವರ ಅವರ ಪಗಾರ. ಕಾರ್ಖಾನೆ ಮುಚ್ಚಿ ವರ್ಷಗಳಾದವು. ಕಾಕಾ ಪಟ್ಟಿಯಲ್ಲಿ ಬೆರಳಿಟ್ಟು ಇವ ಗೋವಾಕ್ಕ ಹೋದ, ಇವ ತೀರಿಕೊಂಡ, ಇವನ ಮೊಮ್ಮಗ ಬೆಳಗಾವಿ ಫೌಂಡ್ರಿಯೊಳಗ ಅದಾನ ಎಂದು ಹೇಳುತ್ತ ಹೋದರು.

ಎರಡನೇ ಟೇಪು ನಾಲ್ಕು ಸಲ ಎರರ್ ಕೊಟ್ಟು ಐದನೆಯದಕ್ಕೆ ಓದಿತು. ಮೂರನೆಯದಕ್ಕೆ ಅಂಚಿನುದ್ದಕ್ಕೂ ಬೂಷ್ಟು. ಅದನ್ನು ಈಗ ಬಿಚ್ಚಿದರೆ ಪದರ ಕಿತ್ತು ಬರುತ್ತದೆ, ಹವೆ ಒಣಗಬೇಕು. ಜೊತೆಗೆ ಬಂದಿದ್ದ ಆ ವಿದ್ಯಾರ್ಥಿ ತಾನೇ ಬೆಳಗಾವಿಗೆ ಒಯ್ದು ಎಸಿ ಲ್ಯಾಬಿನಲ್ಲಿ ಒಣಗಿಸಿ ತರುತ್ತೇನೆ ಅಂದ. ಕಾಕಾ ಕ್ಯಾಸೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, ಮತ್ತೆ ಡಬ್ಬಿಗೆ ಹಾಕಿದರು. "ಮಳಿ ಹೋಗ್ಲಿ. ದಸರಾ ಆದ ಮ್ಯಾಲ ಇಲ್ಲೇ ನೋಡೂಣು."