ವಿಧಾನಸೌಧ ನೋಡೋಕೆ ಹೊರಟಿದ್ದೀರಾ? ಮೊದಲು ಕ್ಯಾಲೆಂಡರ್ ನೋಡಿ

ಕಮಲಾಪುರ: ಶುಕ್ರವಾರ ಮ್ಯೂಸಿಯಂಗೆ ರಜೆ ಅನ್ನೋದು ಗೊತ್ತಿಲ್ಲದೆ ದೂರದಿಂದ ಬಂದು, ಗೇಟ್ ನೋಡಿ ವಾಪಸ್ ಹೋಗುವ ಪ್ರವಾಸಿಗರನ್ನು ಊರಿನವರು ನೋಡಿರುತ್ತಾರೆ. ಇಲ್ಲಿಂದ ಬೆಂಗಳೂರಿಗೆ ಹೋದವರಿಗೂ ವಿಧಾನಸೌಧದ ಮುಂದೆ ಇದೇ ಗತಿ. ರಸ್ತೆಯಲ್ಲಿ ನಿಂತು ಫೋಟೋ ಹೊಡೆಸಿಕೊಂಡು ಬರೋದಷ್ಟೇ. ಈಗ ಒಳಗೂ ನೋಡಬಹುದು. ಆದರೆ ದಿನ ಸರಿಯಾಗಿ ಆರಿಸಿಕೊಳ್ಳಬೇಕು, ಇಲ್ಲದಿದ್ದರೆ ಒಂದು ದಿನದ ವ್ಯಾಪಾರವೂ ಹೋಯ್ತು, ಬಸ್ ಚಾರ್ಜೂ ಹೋಯ್ತು.

ಯಾವ ದಿನ ಪ್ರವೇಶ?

2025ರ ಜೂನ್ 1ರಿಂದ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ (ಕೆಎಸ್‌ಟಿಡಿಸಿ) ವಿಧಾನಸೌಧದ ಒಳಗೆ ಗೈಡ್ ಜತೆ ಪ್ರವಾಸ ಶುರು ಮಾಡಿದೆ. ಭಾನುವಾರ ಹಾಗೂ ಎರಡನೇ, ನಾಲ್ಕನೇ ಶನಿವಾರ ಮಾತ್ರ. ಕಾರಣ ಸರಳ: ಆ ದಿನ ಸರ್ಕಾರಿ ಕಚೇರಿಗಳಿಗೆ ರಜೆ.

ದೊಡ್ಡವರಿಗೆ ಟಿಕೆಟ್ 50 ರೂ., 15 ವರ್ಷದವರೆಗಿನ ಮಕ್ಕಳಿಗೆ ಉಚಿತ. ಸುಮಾರು 30 ಜನರ ತಂಡ, ಒಂದೂವರೆ ತಾಸಿನ ಸುತ್ತಾಟ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇರುವುದರಿಂದ ಕೆಎಸ್‌ಟಿಡಿಸಿ ವೆಬ್‌ಸೈಟಿನಲ್ಲಿ ಮೊದಲೇ ಬುಕ್ ಮಾಡಿಕೊಳ್ಳಬೇಕು. ಆಧಾರ್ ಕಾರ್ಡ್ ಮರೆಯಬೇಡಿ. ಮಕ್ಕಳದ್ದೂ ಇರಲಿ.

ಅಂಗಡಿಯವರಿಗೆ ಶನಿವಾರವೇ ಲೇಸು

ಭಾನುವಾರ ಹಂಪಿಗೆ ಜನ ಜಾಸ್ತಿ, ಅಂಗಡಿ ಬಿಟ್ಟು ಹೋಗೋದು ಕಷ್ಟ. ಹಾಗಾಗಿ ಎರಡನೇ ಅಥವಾ ನಾಲ್ಕನೇ ಶನಿವಾರ ಇಟ್ಟುಕೊಳ್ಳುವುದು ಒಳ್ಳೆಯದು. ಶುಕ್ರವಾರ ರಾತ್ರಿ ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಶನಿವಾರ ರಾತ್ರಿ ಅದೇ ರೈಲಿಗೆ ಹತ್ತಿದರೆ ಭಾನುವಾರ ಬೆಳಿಗ್ಗೆ ಊರು. ರೈಲು ತಡವಾಗೋದೂ ಉಂಟು, ಅದಕ್ಕೇ ಬೆಳಗಿನ ಮೊದಲ ತಂಡಕ್ಕೆ ಬುಕ್ ಮಾಡಬೇಡಿ.

ಸಿಟಿ ರೈಲ್ವೆ ನಿಲ್ದಾಣದಿಂದ ಆಟೋ ಬೇಕಿಲ್ಲ. ನೇರಳೆ ಮಾರ್ಗದ ಮೆಟ್ರೋದಲ್ಲಿ ಮೆಜೆಸ್ಟಿಕ್, ಸೆಂಟ್ರಲ್ ಕಾಲೇಜು ಬಿಟ್ಟು ಮೂರನೇ ಸ್ಟಾಪೇ ಅಂಬೇಡ್ಕರ್ ವಿಧಾನಸೌಧ ನಿಲ್ದಾಣ.

ಅರ್ಜಿ ಕೊಡೋಕೆ ಹೋಗುವವರು

ಇಲ್ಲೇ ಹೆಚ್ಚಿನವರು ಎಡವೋದು. 'ಹೆಂಗೂ ಹೋಗ್ತೀವಿ, ಒಂದು ಅರ್ಜಿನೂ ಕೊಟ್ಟು ಬರೋಣ' ಅಂದರೆ ಆಗದು. ಪ್ರವಾಸದ ದಿನ ಮಂತ್ರಿಯೂ ಸಿಗಲ್ಲ, ಅಧಿಕಾರಿಯೂ ಸಿಗಲ್ಲ. ಕಚೇರಿ ಕೆಲಸಕ್ಕೆ ವಾರದ ದಿನವೇ ಹೋಗಿ ಪಾಸ್ ಪಡೆಯಬೇಕು, ಸಾರ್ವಜನಿಕರನ್ನು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆಯೇ ಬಿಡೋದು. ಹಲವು ಇಲಾಖೆಗಳು ಪಕ್ಕದ ವಿಕಾಸಸೌಧ, ಎದುರಿನ ಬಹುಮಹಡಿ ಕಟ್ಟಡದಲ್ಲಿವೆ. ಯಾವ ಕಟ್ಟಡ ಅಂತ ಮೊದಲೇ ಕೇಳಿಕೊಳ್ಳಿ. ವಿಜಯನಗರ ಜಿಲ್ಲೆಯಾದ ಮೇಲೆ ಎಷ್ಟೋ ಕೆಲಸ ಹೊಸಪೇಟೆಯ ಜಿಲ್ಲಾಧಿಕಾರಿ ಕಚೇರಿಯಲ್ಲೇ ಆಗುತ್ತೆ, ಅಲ್ಲಿ ವಿಚಾರಿಸಿಯೇ ರೈಲು ಹತ್ತಿ.

ಅಧಿವೇಶನ ನೋಡಬೇಕಾ?

ಸದನ ನಡೆಯುವುದನ್ನು ಗ್ಯಾಲರಿಯಲ್ಲಿ ಕೂತು ನೋಡೋಕೆ ಬೇರೆ ಪಾಸ್ ಬೇಕು. ನಿಮ್ಮ ಶಾಸಕರ ಕಚೇರಿಯಲ್ಲಿ ಕೇಳಿ. ಚಳಿಗಾಲದ ಅಧಿವೇಶನ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆಯುತ್ತೆ. 2012ರಲ್ಲಿ ಉದ್ಘಾಟನೆಯಾದ ಈ ಕಟ್ಟಡ ಇಲ್ಲಿಂದ ಬೆಂಗಳೂರಿಗಿಂತ ಹತ್ತಿರ.

ಒಳಗೆ ಹೋಗುವ ಮುಂಚೆ

ವಿಧಾನಸೌಧಕ್ಕೆ 1951ರ ಜುಲೈ 13ರಂದು ನೆಹರೂ ಅಡಿಗಲ್ಲು ಹಾಕಿದರು. ಕೆಂಗಲ್ ಹನುಮಂತಯ್ಯ ಮುಂದೆ ನಿಂತು ಕಟ್ಟಿಸಿದ ಕಟ್ಟಡ 1956ರಲ್ಲಿ ಮುಗಿಯಿತು. ಬೆಂಗಳೂರು ಸುತ್ತಲಿನ ಗ್ರಾನೈಟ್ ಕಲ್ಲಿನ ಕೆಲಸದಲ್ಲಿ ಜೈಲಿನ ಕೈದಿಗಳೂ ದುಡಿದಿದ್ದಾರೆ. ಎದುರಿನ ಕೆಂಪು ಕಟ್ಟಡ ಹೈಕೋರ್ಟ್, ಹಳೇ ಹೆಸರು ಅಠಾರಾ ಕಚೇರಿ. ಅದನ್ನು ಹೊರಗಿನಿಂದ ನೋಡಿಕೊಂಡು ಕಬ್ಬನ್ ಪಾರ್ಕಿಗೆ ಹೋದರೆ ಮಕ್ಕಳಿಗೂ ಖುಷಿ.

ಮೆಟ್ಟಿಲು ಜಾಸ್ತಿ, ಮಂಡಿ ನೋವಿರುವ ಹಿರಿಯರು ಜತೆಗಿದ್ದರೆ ಯೋಚಿಸಿ. ಸರ್ಕಾರಿ ಕಾರ್ಯಕ್ರಮ ಬಿದ್ದರೆ ದಿನ, ಸಮಯ ಬದಲಾಗಬಹುದು, ಹೊರಡುವ ಹಿಂದಿನ ದಿನ ವೆಬ್‌ಸೈಟ್ ಇನ್ನೊಮ್ಮೆ ನೋಡಿಕೊಳ್ಳಿ.